ಬೋನೋ–ಅಹಾಫೊ: ಕೋಕೋ ನಾಡಿನ ಗಡಿಗಳ ಕಥೆ

ಅಡಿಕೆ ತೋಟದ ನಡುವೆ ಉಪಬೆಳೆಯಾಗಿ ಕೋಕೋ ಹಾಕಿರುವ ಸದಸ್ಯರು ನಮ್ಮಲ್ಲಿ ಹಲವರಿದ್ದಾರೆ. ಅದೇ ಕೋಕೋವನ್ನು ಮುಖ್ಯ ಬೆಳೆಯಾಗಿ ನಂಬಿ ಬದುಕುವ ಸಣ್ಣ ಹಿಡುವಳಿದಾರರ ನಾಡೊಂದು ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿದೆ. ಬೋನೋ ಮತ್ತು ಅಹಾಫೊ ಎಂದು ಆ ಸೀಮೆಯ ಹೆಸರು. ಅದರ ವಿಚಾರ ಈ ಸಂಚಿಕೆಯಲ್ಲಿ ನಾಲ್ಕು ಮಾತು ಹೇಳುತ್ತೇವೆ.

ಈ ಸೀಮೆ ಘಾನಾದ ನಡು ಭಾಗದಲ್ಲಿದ್ದು, ಪಶ್ಚಿಮಕ್ಕೆ ಐವರಿ ಕೋಸ್ಟ್ ದೇಶವಿದೆ. ದಕ್ಷಿಣದ ಅಹಾಫೊ ಭಾಗ ಮಳೆಕಾಡಿನ ನೆಲ. ಉತ್ತರಕ್ಕೆ ಹೋದಂತೆ ಮರಗಳು ವಿರಳವಾಗಿ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಇವೆರಡೂ ಸೇರುವ ಕಡೆಯಲ್ಲಿ ಟೆಚಿಮಾನ್ ಸಂತೆ ಬೆಳೆದಿದೆ. ಕಾಡಿನ ಕೋಲಾ ಬೀಜ ಹಿಂದೆ ಈ ಮಾರ್ಗವಾಗಿಯೇ ಉತ್ತರದ ನಾಡುಗಳಿಗೆ ಹೋಗುತ್ತಿತ್ತು. ನಮ್ಮಲ್ಲಿ ಅಡಿಕೆ ಇದ್ದಂತೆ, ಅಲ್ಲಿ ಕೋಲಾ ಅಗಿಯುವ ಮತ್ತು ಅತಿಥಿಗೆ ಕೊಡುವ ಪದಾರ್ಥ.

ಬೋನೋ ಜನರ ಹಳೆಯ ರಾಜ್ಯವನ್ನು 1720ರ ದಶಕದಲ್ಲಿ ಕುಮಾಸಿಯ ಅಶಾಂತಿ ಅರಸರು ಗೆದ್ದರು. 1896ರಲ್ಲಿ ಬ್ರಿಟಿಷರು ಕುಮಾಸಿಯನ್ನು ಹಿಡಿದು, 1902ರಲ್ಲಿ ಅಶಾಂತಿಯನ್ನು ವಸಾಹತಾಗಿ ಸೇರಿಸಿಕೊಂಡರು. 1935ರಲ್ಲಿ ಅವರೇ ಅಶಾಂತಿ ಒಕ್ಕೂಟವನ್ನು ಮತ್ತೆ ನಿಲ್ಲಿಸಿದಾಗ ಟೆಚಿಮಾನ್ ಮುಂತಾದ ಬೋನೋ ಊರುಗಳು ಪುನಃ ಕುಮಾಸಿಯ ಅಧೀನಕ್ಕೆ ಬಂದವು. ಟೆಚಿಮಾನಿನ ಸುತ್ತಲಿನ ಒಂಬತ್ತು ಹಳ್ಳಿಗಳ ಮೇಲೆ ಕುಮಾಸಿಯ ಮುಖಂಡರಿಗೆ ಹಕ್ಕಿದ್ದುದು ದೊಡ್ಡ ಅಸಮಾಧಾನವಾಯಿತು. ಕೋಕೋ ಬಂದ ಮೇಲೆ ಜಮೀನಿಗೆ ಬೆಲೆ ಬಂದಿತ್ತು. ಹಳ್ಳಿ ಯಾರದೋ, ಅದರ ಉತ್ಪತ್ತಿಯ ಪಾಲೂ ಅವರದೇ ಎಂಬುದೇ ಜಗಳದ ಮೂಲ. 1951ರಲ್ಲಿ ಬೋನೋ ಮುಖಂಡರು ತಮ್ಮದೇ ಒಕ್ಕೂಟ ಕಟ್ಟಿದರು. 1957ರಲ್ಲಿ ಸ್ವಾತಂತ್ರ್ಯ ಬಂತು. 1959ರಲ್ಲಿ ಬ್ರಾಂಗ್–ಅಹಾಫೊ ಎಂಬ ಪ್ರತ್ಯೇಕ ಪ್ರಾಂತ ರಚನೆಯಾಗಿ, ಸುನ್ಯಾನಿ ಕೇಂದ್ರವಾಯಿತು.

1983ರ ಬರದಲ್ಲಿ ಕಾಳ್ಗಿಚ್ಚು ಇಲ್ಲಿನ ಕೋಕೋ ತೋಟಗಳನ್ನು ಸುಟ್ಟಿತು. ಆ ವರ್ಷದ ಬೆಳೆಯಲ್ಲಿ ಇಡೀ ಘಾನಾದ ಉತ್ಪನ್ನ ಸುಮಾರು 1.6 ಲಕ್ಷ ಟನ್ನಿಗೆ ಇಳಿಯಿತು. ಅರವತ್ತರ ದಶಕದ ನಡುವಿನಲ್ಲಿ ಅದು ಐದು ಲಕ್ಷ ಟನ್ ದಾಟಿತ್ತು.

2018ರ ಡಿಸೆಂಬರ್ 27ರಂದು ಜನಮತ ಪಡೆದು, 2019ರಲ್ಲಿ ಪ್ರಾಂತವನ್ನು ಮೂರು ಮಾಡಲಾಯಿತು: ಬೋನೋ (ಕೇಂದ್ರ ಸುನ್ಯಾನಿ), ಪೂರ್ವ ಬೋನೋ (ಟೆಚಿಮಾನ್), ಅಹಾಫೊ (ಗೊಆಸೊ). ದೇಶದ ಪ್ರಾಂತಗಳು ಹತ್ತರಿಂದ ಹದಿನಾರಾದವು. ಕಛೇರಿ ಹತ್ತಿರ ಬಂದುದು ಲಾಭವೇ ಸರಿ.

ಆದರೆ ಗೇಣಿದಾರನ ಸ್ಥಿತಿ ಇದರಿಂದ ತಾನಾಗಿ ಬದಲಾಗುವುದಿಲ್ಲ. ಅಲ್ಲಿನ ಭೂಮಿ ಬಹುಪಾಲು ಊರ ಮುಖಂಡರ ಪೀಠಕ್ಕೆ ಸೇರಿದ್ದು. ಹೊರಗಿನಿಂದ ಬಂದವರು ಅನೇಕರು ‘ಅಬುಸಾ’ ಪದ್ಧತಿಯಲ್ಲಿ, ಮೂರರಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಸಾಗುವಳಿ ಮಾಡುತ್ತಾರೆ. ಎಷ್ಟೋ ಒಪ್ಪಂದಗಳು ಬಾಯಿಮಾತಿನವು. ಗಡಿ ಎಳೆಯುವಾಗ ಸರ್ಕಾರದ ಬಳಿ ನಕ್ಷೆಯಿರುತ್ತದೆ. ಸಾಗುವಳಿದಾರನ ಬಳಿ ಕಾಗದವಿರುವುದಿಲ್ಲ.

ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಕೊಯ್ಲಿನ ಗಡಿಬಿಡಿಗೆ ಮುನ್ನ ತಮ್ಮ ಪಹಣಿ ತೆಗೆಸಿ ಹೆಸರು, ವಿಸ್ತೀರ್ಣ ಸರಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.