ಹನ್ನೆರಡು ಸಾವಿರ ಅಂದೆ, ಅವರಿಗೆ ಕೇಳಿಸಿದ್ದೇನು?

2023ರ ಡಿಸೆಂಬರ್ ಕೊನೆ. ಕೇಂದ್ರ ಸಂಪುಟ ಉಂಡೆ ಕೊಬ್ಬರಿಯ ಬೆಂಬಲ ಬೆಲೆಯನ್ನು ಕ್ವಿಂಟಲ್‌ಗೆ 11,750ರಿಂದ 12,000 ರೂಪಾಯಿಗೆ ಏರಿಸಿತು. ಬ್ರೇಕಿಂಗ್ ನ್ಯೂಸ್ ಓದಿದವನು ನಾನೇ. ‘ಕೊಬ್ಬರಿ ಬೆಳೆಗಾರರಿಗೆ ಗುಡ್ ನ್ಯೂಸ್, ಕ್ವಿಂಟಲ್‌ಗೆ 12 ಸಾವಿರ!’ ಹದಿನೈದು ಸೆಕೆಂಡ್. ಮುಂದಿನ ಸುದ್ದಿಗೆ ಹೋದೆ.

ಫೆಬ್ರವರಿಯಲ್ಲಿ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಕಂದಿಕೆರೆ ಕಡೆಯ ಹಿರಿಯರೊಬ್ಬರು ಕರೆ ಮಾಡಿದರು. ‘ನೀನೇ ಅಲ್ವೇನಪ್ಪ ಹನ್ನೆರಡು ಸಾವಿರ ಅಂದಿದ್ದು?’ ಅಂತಲೇ ಮಾತು ಶುರು. ನಾನು ಓದಿದ್ದು ಕೇಳಿ ಅವರು ಮನೆಯಲ್ಲಿದ್ದ ಕೊಬ್ಬರಿ ಚೀಲಗಳನ್ನು ಬಾಡಿಗೆ ಗಾಡಿಗೆ ಹಾಕಿಸಿದ್ದಾರೆ. ಚಿಕ್ಕನಾಯಕನಹಳ್ಳಿ ದಾಟಿ ತಿಪಟೂರು ಮಾರುಕಟ್ಟೆಗೆ ಹೋಗಿದ್ದಾರೆ. ಅಲ್ಲಿ ಪೇಟೆ ದರ ಎರಡು ಮೂರು ಸಾವಿರ ಕಡಿಮೆ. ‘ಹನ್ನೆರಡು ಸಾವಿರ ಅದು ನಾಫೆಡ್‌ದು ಯಜಮಾನ್ರೇ, ಇನ್ನೂ ಖರೀದಿ ಶುರುವಾಗಿಲ್ಲ’ ಅಂದರಂತೆ ಮಂಡಿಯವರು. ವಾಪಸ್ ತರೋಕೆ ಮತ್ತೆ ಬಾಡಿಗೆ. ಅಲ್ಲೇ ಬಂದಷ್ಟಕ್ಕೆ ಕೊಟ್ಟು ಬಂದರು. ‘ಈಗ ನಾಫೆಡ್ ನೋಂದಣಿ ನಡೀತಾ ಐತೆ. ನಮ್ತಾವ ಕೊಬ್ಬರಿನೇ ಇಲ್ಲ. ಎಲ್ಲಿ, ಯಾವಾಗ, ಎಷ್ಟು ಅಂತ ಒಂದು ಮಾತು ಹೇಳಬಾರದಿತ್ತಾ?’

ಸ್ಟುಡಿಯೋದಲ್ಲಿ ಉತ್ತರ ಇರಲಿಲ್ಲ. ‘ಅಧಿಕಾರಿಗಳ ಗಮನಕ್ಕೆ ತರ್ತೀವಿ’ ಅಂದೆ. ಅದು ಉತ್ತರ ಅಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ನಮಗೆ ಸಂವಹನ ಅಂದರೆ ಕ್ಲಾಡ್ ಷಾನನ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಈತ 1948ರಲ್ಲಿ ಬರೆದ ಪ್ರಬಂಧವೇ ನಮ್ಮ ಪಾಠದ ಬುನಾದಿ. ಕಳಿಸುವವನು, ದಾರಿ, ದಾರಿಯಲ್ಲಿ ಗದ್ದಲ, ಪಡೆಯುವವನು. ಗದ್ದಲ ಎಷ್ಟೇ ಇದ್ದರೂ ಸಂದೇಶ ತಪ್ಪಿಲ್ಲದೆ ತಲುಪುವುದು ಹೇಗೆ ಅನ್ನೋದು ಅವನ ಪ್ರಶ್ನೆ. ಆದರೆ ಸಂದೇಶದ ಅರ್ಥಕ್ಕೂ ಎಂಜಿನಿಯರ್‌ನ ಸಮಸ್ಯೆಗೂ ಸಂಬಂಧವಿಲ್ಲ ಅಂತ ಪ್ರಬಂಧದ ಆರಂಭದಲ್ಲೇ ಆತ ಹೇಳಿಬಿಟ್ಟಿದ್ದಾನೆ. ಪರೀಕ್ಷೆಗೆ ಓದುವಾಗ ನಾವು ಯಾರೂ ಆ ಸಾಲಿನ ಹತ್ತಿರ ನಿಲ್ಲಲಿಲ್ಲ, ಅದಕ್ಕೆ ಮಾರ್ಕ್ಸ್ ಇರಲಿಲ್ಲವಲ್ಲ! ಷಾನನ್ ಲೆಕ್ಕದಲ್ಲಿ ನನ್ನ ಬುಲೆಟಿನ್‌ಗೆ ನೂರಕ್ಕೆ ನೂರು. ಕೇಬಲ್ ಸರಿಯಿತ್ತು, ದನಿ ಸ್ಪಷ್ಟವಿತ್ತು, ಅಂಕಿಯೂ ತಪ್ಪಿರಲಿಲ್ಲ.

ತಪ್ಪಿದ್ದು ಎಲ್ಲಿ ಅಂತ ತಿಳಿಯೋಕೆ ಇನ್ನೊಬ್ಬನ ಹತ್ತಿರ ಹೋಗಬೇಕು. ಬ್ರಿಟನ್ನಿನ ಸ್ಟುವರ್ಟ್ ಹಾಲ್ 1973ರಲ್ಲಿ ಟಿವಿಯನ್ನೇ ಇಟ್ಟುಕೊಂಡು ಒಂದು ಮಾತು ಹೇಳಿದ. ನಾವು ಸ್ಟುಡಿಯೋದಲ್ಲಿ ಅರ್ಥವನ್ನು ಕಟ್ಟಿ ಕಳಿಸುತ್ತೇವೆ, ನೋಡುವವರು ತಮ್ಮ ಬದುಕಿನ ಲೆಕ್ಕದಲ್ಲಿ ಅದನ್ನು ಬಿಚ್ಚಿಕೊಳ್ಳುತ್ತಾರೆ. ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ. ‘ಬೆಂಬಲ ಬೆಲೆ’ ಅನ್ನೋ ಪದವನ್ನೇ ತಗೊಳ್ಳಿ. ನಮ್ಮ ಡೆಸ್ಕ್‌ನಲ್ಲಿ ಅದು ದೆಹಲಿಯಿಂದ ಬಂದ ಒಂದು ಅಂಕಿ. ಅಟ್ಟದ ಮೇಲೆ ಕಾಯಿ ಪೇರಿಸಿಟ್ಟವರಿಗೆ ಬೆಲೆ ಅಂದರೆ ಚೀಲ ತೂಕವಾದ ಮೇಲೆ ಕೈಗೆ ಬರುವ ದುಡ್ಡು. ಬೆಂಬಲ ಅನ್ನೋ ಪದದ ಒಳಗೆ ಎಷ್ಟೊಂದು ಷರತ್ತು ಅಡಗಿದೆ ನೋಡಿ. ಖರೀದಿ ಕೇಂದ್ರದಲ್ಲಿ ಮಾತ್ರ. ಫ್ರೂಟ್ಸ್ ಐಡಿ, ಆಧಾರ್ ಕೊಟ್ಟು ನೋಂದಣಿ ಮಾಡಿಸಿದವರಿಗೆ ಮಾತ್ರ. ಎಕರೆಗೆ ಇಷ್ಟೇ, ಒಬ್ಬರಿಗೆ ಇಷ್ಟೇ. ಇದ್ಯಾವುದೂ ನನ್ನ ಹದಿನೈದು ಸೆಕೆಂಡ್‌ನಲ್ಲಿ ಇರಲಿಲ್ಲ.

ಕಾಲದ ಲೆಕ್ಕವೂ ಬೇರೆ. ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಎಂಟು ತಿಂಗಳೋ, ವರ್ಷವೋ ಇಡಬೇಕು. ಒಳಗಿನ ನೀರು ಪೂರಾ ಇಂಗಬೇಕು. ಅಲ್ಲಾಡಿಸಿದರೆ ಗಿಟುಕು ಚಿಪ್ಪಿಗೆ ಬಡಿದು ಲೊಡಲೊಡ ಅನ್ನಬೇಕು. ಅಷ್ಟು ಕಾದವರಿಗೆ ಇನ್ನೊಂದೆರಡು ತಿಂಗಳು ಕಾಯುವುದು ದೊಡ್ಡದಾಗಿರಲಿಲ್ಲ. ಕಾಯಿರಿ ಅಂತ ಯಾರಾದರೂ ಹೇಳಬೇಕಿತ್ತು ಅಷ್ಟೆ.

ಯಾರು ಹೇಳಬೇಕಿತ್ತು? 1940ರ ಅಮೆರಿಕ ಚುನಾವಣೆ ವೇಳೆ ಓಹಿಯೋ ರಾಜ್ಯದ ಒಂದು ಕೌಂಟಿಯಲ್ಲಿ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಸಂಗಡಿಗರು ಜನರನ್ನು ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೋ, ಪತ್ರಿಕೆ ನೇರವಾಗಿ ಮನಸ್ಸು ಬದಲಿಸಿದ್ದು ಕಡಿಮೆ. ಅವನ್ನು ಗಮನವಿಟ್ಟು ಓದಿದ ಕೆಲವರು ಅಕ್ಕಪಕ್ಕದವರಿಗೆ ತಿಳಿಸಿ ಹೇಳಿದ್ದೇ ಹೆಚ್ಚು ನಾಟಿತ್ತು. ಎರಡು ಹಂತದ ಹರಿವು ಅಂತ ಅದಕ್ಕೆ ಹೆಸರು. ನಮ್ಮೂರುಗಳಲ್ಲಿ ಆ ಎರಡನೇ ಹಂತ ಬೆಳಗ್ಗೆ ಹಾಲಿನ ಡೈರಿ ಮುಂದೆ, ಹೋಟೆಲ್ ಬೆಂಚಿನ ಮೇಲೆ ನಡೆಯುತ್ತದೆ. ನೋಂದಣಿ, ಮಿತಿ ಎಲ್ಲ ಬಲ್ಲವರು ಪಕ್ಕದಲ್ಲಿದ್ದರೆ ಬಚಾವ್. ಇಲ್ಲದಿದ್ದರೆ ನನ್ನಂಥವನ ಅರ್ಧ ಮಾತೇ ಗತಿ.

ಆ ವರ್ಷ ಮುಂದೆ ಆಗಿದ್ದು ನಿಮಗೆ ನೆನಪಿರಬಹುದು. ರಾಜ್ಯ ಸರ್ಕಾರ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿದ್ದರಿಂದ ಕ್ವಿಂಟಲ್‌ಗೆ 13,500 ಆಯಿತು. ಫೆಬ್ರವರಿಯಲ್ಲಿ ಶುರುವಾದ ನೋಂದಣಿ ಕೆಲವೇ ದಿನಗಳಲ್ಲಿ ಭರ್ತಿ. ಅಕ್ರಮದ ದೂರು ಬಂತು, ಅದು ರದ್ದಾಗಿ ಮಾರ್ಚ್‌ನಲ್ಲಿ ಮತ್ತೆ ನೋಂದಣಿ, ಮತ್ತೆ ಸರದಿ. ಈ ಸಲ ನಾವು ಕ್ಯಾಮೆರಾ ಕಳಿಸಿದ್ವಿ. ಸಾಲು ತೋರಿಸೋದು ಟಿವಿಗೆ ಸುಲಭ. ಸಾಲಿನಲ್ಲಿ ಯಾರು ಇಲ್ಲ, ಯಾಕಿಲ್ಲ ಅಂತ ತೋರಿಸೋದು ಕಷ್ಟ.

ಷಾನನ್ ಬರೆದ ಅದೇ 1948ರಲ್ಲಿ ನಾರ್ಬರ್ಟ್ ವೀನರ್ ಎಂಬ ಗಣಿತಜ್ಞ ‘ಸೈಬರ್ನೆಟಿಕ್ಸ್’ ಪುಸ್ತಕ ತಂದ. ಯಾವ ವ್ಯವಸ್ಥೆಯಾದರೂ ತನ್ನ ಕೆಲಸದ ಫಲ ಏನಾಯಿತು ಅನ್ನೋ ಸುದ್ದಿ ವಾಪಸ್ ಬಂದರೆ ಮಾತ್ರ ತನ್ನನ್ನು ತಿದ್ದಿಕೊಳ್ಳುತ್ತದೆ ಅನ್ನೋದು ಅದರ ತಿರುಳು. ನಮಗೆ ವಾಪಸ್ ಬರೋದು ಏನು? ಟಿಆರ್‌ಪಿ. ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅಂತ ಅದು ಹೇಳುತ್ತದೆ. ಗಾಡಿ ಬಾಡಿಗೆ ದಂಡವಾಯಿತು ಅಂತ ಹೇಳೋದಿಲ್ಲ. ಆ ಹಿರಿಯರ ಫೋನ್ ಬಾರದಿದ್ದರೆ ನನ್ನ ಮಟ್ಟಿಗೆ ಅದು ಇವತ್ತಿಗೂ ಗುಡ್ ನ್ಯೂಸೇ.

ಈಗ ಬೆಂಬಲ ಬೆಲೆ ಸುದ್ದಿ ಬಂದರೆ ಎಲ್ಲಿ, ಯಾವಾಗಿನಿಂದ, ಯಾವ ದಾಖಲೆ, ಎಷ್ಟು ಕ್ವಿಂಟಲ್ ಅಂತ ಸೇರಿಸಿ ಓದ್ತೀನಿ. ನಲವತ್ತು ಸೆಕೆಂಡ್ ಆಗುತ್ತೆ. ಪ್ರೊಡ್ಯೂಸರ್ ಕಿವಿಯಲ್ಲಿ ‘ಮುಗಿಸಿ, ಮುಗಿಸಿ’ ಅಂತಿರ್ತಾರೆ. 2025ರಲ್ಲಿ ತಿಪಟೂರಲ್ಲಿ ಕೊಬ್ಬರಿ 20 ಸಾವಿರ ದಾಟಿದ ದಿನ ಅದೇ ಹಿರಿಯರು ಮತ್ತೆ ಸಿಕ್ಕರು. ‘ಇದು ಪೇಟೇದಾ, ನಾಫೆಡ್‌ದಾ?’ ಅಂತ ಮೊದಲ ಪ್ರಶ್ನೆ. ಪೇಟೇದೇ ಅಂದೆ. ‘ಹಂಗಾದ್ರೆ ಸರಿ ಬಿಡಪ್ಪ. ಅಟ್ಟದಾಗೆ ಕಾಯೇ ಇಲ್ಲ ಈ ಸಲ’ ಅಂತ ನಕ್ಕರು.