ಪ್ರಾಥಮಿಕ ತರಗತಿಗಳಲ್ಲಿ ವಾಚನಪಾಠಗಳ ಆಯ್ಕೆ

ಮಗು ಓದಿದ್ದನ್ನು ಗ್ರಹಿಸಿತೇ ಎಂಬುದನ್ನು ಪಾಠದ ಕೊನೆಯ ಪ್ರಶ್ನೆಗಳಿಂದ ಅಳೆಯುವುದು ರೂಢಿ. ಆದರೆ ಆ ಪ್ರಶ್ನೆಗಳು ಅಳೆಯುವುದು ಅರ್ಥವನ್ನೇ? ‘ಲುಬಕನು ಟಿರುವಿನಲ್ಲಿ ಗೊಳಮಿದನು’ ಎಂಬ ಅರ್ಥಶೂನ್ಯ ವಾಕ್ಯವನ್ನು ತೆಗೆದುಕೊಳ್ಳೋಣ. ಗೊಳಮಿದವನಾರು? ಎಲ್ಲಿ ಗೊಳಮಿದನು? ವಿಭಕ್ತಿಪ್ರತ್ಯಯಗಳ ಬಲದಿಂದಲೇ ಮಗು ಎರಡಕ್ಕೂ ಸರಿಯಾದ ಉತ್ತರ ಕೊಡಬಲ್ಲದು. ಇಂತಹ ಪ್ರಶ್ನೆಗಳಷ್ಟೇ ಇರುವ ಪುಸ್ತಕವು ಗ್ರಹಣಶಕ್ತಿಯನ್ನು ಪರೀಕ್ಷಿಸಲಾರದು, ಬೆಳೆಸಲೂ ಆರದು.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು ವಾಚನಗ್ರಹಣವನ್ನು ಎರಡು ಸಾಮರ್ಥ್ಯಗಳ ಗುಣಲಬ್ಧವೆಂದು ನಿರೂಪಿಸಿದರು: ಒಂದು, ಲಿಪಿಯನ್ನು ನುಡಿಯಾಗಿ ಬಿಡಿಸುವುದು, ಇನ್ನೊಂದು, ಕೇಳಿದ ನುಡಿಯನ್ನು ತಿಳಿಯುವುದು. ಒಂದು ಸೊನ್ನೆಯಾದರೆ ಫಲವೂ ಸೊನ್ನೆಯೇ. ತಿಳಿವಳಿಕೆಯಲ್ಲಿ ವಿಷಯಜ್ಞಾನದ ಪಾಲೂ ದೊಡ್ಡದು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅವರು ಅಮೆರಿಕದ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಿಸಿದರು. ಆಟವನ್ನು ಬಲ್ಲ ಮಂದವಾಚಕರು, ಅದನ್ನರಿಯದ ಉತ್ತಮವಾಚಕರಿಗಿಂತ ಹೆಚ್ಚನ್ನು ನೆನೆದು ಹೇಳಿದರು.

ಆದಕಾರಣ ಪಾಠವನ್ನು ಆರಿಸುವ ಮುನ್ನ ಅಧ್ಯಾಪಕರು ಅದನ್ನೊಮ್ಮೆ ತಾವೇ ಗಟ್ಟಿಯಾಗಿ ಓದಿ ಮಕ್ಕಳಿಗೆ ಕೇಳಿಸತಕ್ಕದ್ದು. ಕೇಳಿದರೆ ತಿಳಿಯುವ ಮಗುವಿಗೆ ಓದಿದರೆ ತಿಳಿಯದಿದ್ದಲ್ಲಿ, ತೊಡಕಿರುವುದು ಗುಣಿತಾಕ್ಷರ, ಒತ್ತಕ್ಷರಗಳನ್ನು ಬಿಡಿಸುವುದರಲ್ಲಿ. ಅದಕ್ಕೆ ಸರಳಪದಗಳ ಪಾಠ ಬೇಕು. ಕೇಳಿದರೂ ತಿಳಿಯದಿದ್ದಲ್ಲಿ ಕೊರತೆ ಪದಸಂಪತ್ತಿನದು ಅಥವಾ ವಿಷಯಜ್ಞಾನದ್ದು. ಆಗ ಕೆರೆ, ಬೇಸಾಯ ಮುಂತಾದ ಒಂದೊಂದು ವಿಷಯವನ್ನು ಕುರಿತೇ ಹಲವು ಪಾಠಗಳನ್ನು ಸಾಲಾಗಿ ಕೊಡಬೇಕು. ಎರಡು ಬಗೆಯ ಕೊರತೆಗೂ ಒಂದೇ ಪುಸ್ತಕವನ್ನು ಕೊಟ್ಟು, ಕೊನೆಗೆ ಮಗುವನ್ನೇ ದಡ್ಡವೆನ್ನುವುದು ಅನ್ಯಾಯ.