ದುಬೈಯಲ್ಲಿ ನೀಟ್ ಪಾಠ

ನಮ್ಮ ತಾಳಗುಪ್ಪದಲ್ಲಿ ರೈಲುಹಳಿ ಮುಗಿಯುತ್ತದೆ. ಈ ಊರಿನಿಂದ ಹೊರಟ ನನ್ನ ತಂಗಿಯ ಮಗಳು ಈಗ ದುಬೈಯಲ್ಲಿ ಭೌತಶಾಸ್ತ್ರದ ಟೀಚರು. ಶಾಲೆಯಲ್ಲಲ್ಲ, ನೀಟ್ ತರಬೇತಿ ಕೇಂದ್ರದಲ್ಲಿ. "ಟ್ಯೂಷನ್ ಹೇಳಲು ಸಮುದ್ರ ದಾಟಬೇಕಿತ್ತೇ?" ಎಂದು ತಂಗಿ ಗೊಣಗುತ್ತಾಳೆ.

ದಾಟಬೇಕು, ಮಕ್ಕಳು ಅಲ್ಲಿದ್ದಾರಲ್ಲ! ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರ ಮಕ್ಕಳು ಅಲ್ಲಿನ ಸಿಬಿಎಸ್‌ಇ ಶಾಲೆಗಳಲ್ಲಿ ಓದುತ್ತಾರೆ. ಡಾಕ್ಟರಾಗಲು ಭಾರತಕ್ಕೆ ಬರುವ ಆಸೆ ಹಲವರಿಗೆ. 2021ರಲ್ಲಿ ಮೊದಲ ಬಾರಿಗೆ ಕುವೈತ್ ಮತ್ತು ದುಬೈಯಲ್ಲೂ ನೀಟ್ ಕೇಂದ್ರ ತೆರೆದರು. ಇಲ್ಲಿ ಮಧ್ಯಾಹ್ನ 2ಕ್ಕೆ ಪರೀಕ್ಷೆ ಶುರುವಾದರೆ ದುಬೈ ಗಡಿಯಾರದಲ್ಲಿ ಆಗ ಹನ್ನೆರಡೂವರೆ.

ಅವಳು ಹೇಳಿಕೊಡುವ ಒಂದು ಲೆಕ್ಕ ಈ ಹಳೇ ಬ್ಯಾಂಕ್ ಗುಮಾಸ್ತನಿಗೆ ಬಹಳ ಹಿಡಿಸಿತು. ಮಕ್ಕಳೇ, ನೀವೂ ಮಾಡಿ ನೋಡಿ. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ. ಪ್ರಶ್ನೆಗೆ ನಾಲ್ಕು ಆಯ್ಕೆ. ಕಣ್ಣುಮುಚ್ಚಿ ಗುರುತು ಹಾಕುತ್ತ ಹೋದರೆ ಸರಾಸರಿ ನಾಲ್ಕು ಪ್ರಶ್ನೆಗಳಲ್ಲಿ ಒಂದು ಸರಿ, ಮೂರು ತಪ್ಪು. ಸಿಕ್ಕಿದ್ದು ಬರೀ 1 ಅಂಕ. ಎರಡು ಆಯ್ಕೆಗಳು ಖಂಡಿತ ತಪ್ಪೆಂದು ಗೊತ್ತಿದ್ದರೆ? ನಾಲ್ಕರಲ್ಲಿ ಎರಡು ಸರಿ, 6 ಅಂಕ! ಅರ್ಧ ಓದಿಗೂ ಬಡ್ಡಿಯುಂಟು.

ಮಕ್ಕಳ ಶಾಲೆ ಬಿಟ್ಟ ಮೇಲೆ ಅವಳ ಕೆಲಸ ಶುರು. ರಜೆಯ ದಿನವೇ ಹೆಚ್ಚು ಪಾಠ. ಪರೀಕ್ಷೆ ಈಗೀಗ ಮೇ ತಿಂಗಳಲ್ಲಿ, ಹಾಗಾಗಿ ಯುಗಾದಿಗೆ ಬರುವಂತಿಲ್ಲ, ಮಾವಿನಮಿಡಿ ಉಪ್ಪಿನಕಾಯಿ ಹಾಕುವ ಕಾಲಕ್ಕೂ ಇಲ್ಲ. ಹೋದ ಏಪ್ರಿಲ್‌ನಲ್ಲಿ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ಅಲ್ಲಿ ಕೊನೆಯ ಮಾದರಿ ಪರೀಕ್ಷೆಗಳ ಗಡಿಬಿಡಿ; ಬಿಟ್ಟು ಬಂದರೆ ಕೆಲಸದ ಜೊತೆ ವೀಸಾವೂ ಹೋದೀತು. ತಂಗಿಯ ಕಣ್ಣಿಗೆ ಔಷಧದ ಹನಿ ಹಾಕಿದವನು ನಾನು.

ಪಾಠ ಮುಗಿಸಿ ಮಗಳು ಫೋನ್ ಮಾಡುವಾಗ ಇಲ್ಲಿ ರಾತ್ರಿ ಹನ್ನೊಂದು. ತಂಗಿ ಎದ್ದೇ ಇರುತ್ತಾಳೆ.